ಹಳೆಯ ಧ್ವನಿಮುದ್ರಿಕೆ: ಯಂತ್ರದ ಆಯ್ಕೆ

ಬದಿಯಡ್ಕದಂತಹ ಗಡಿನಾಡಿನ ಊರುಗಳ ಕನ್ನಡ ಮನೆಗಳಲ್ಲಿ 78 ಸುತ್ತುಗಳ ಅರಗಿನ ಗ್ರಾಮಫೋನ್ ತಟ್ಟೆಗಳು ಉಳಿದಿದ್ದರೆ, ಅವು 1956ಕ್ಕೆ ಹಿಂದಿನ ಸಂಗೀತಾಭಿರುಚಿಗೂ ಸಾಕ್ಷಿಯಾಗಬಲ್ಲವು. ಅವುಗಳ ಡಿಜಿಟಲೀಕರಣಕ್ಕೆ ಧ್ವನಿವರ್ಧಕ, ಯುಎಸ್‌ಬಿಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರವನ್ನು ಕೊಳ್ಳುವವರು 78ರ ವೇಗವನ್ನಷ್ಟೇ ನೋಡಿದರೆ ಸಾಲದು.

ಅರಗಿನ ತಟ್ಟೆಯ ಅಗಲವಾದ ಗೀರಿಗೆ ಸುಮಾರು 0.075 ಮಿ.ಮೀ. ತ್ರಿಜ್ಯದ ಸೂಜಿ ಬೇಕು. ಎಲ್‌ಪಿ ಸೂಜಿಯ ತುದಿ ಅದರ ಕಾಲುಭಾಗದಷ್ಟೇ. ಅದು ಗೀರಿನ ತಳಕ್ಕಿಳಿದು ಗೊರಗೊರ ಸದ್ದನ್ನು ಹೆಚ್ಚಿಸುತ್ತದೆ. ಆದುದರಿಂದ ಸೂಜಿ ಬದಲಿಸಬಹುದಾದ ಯಂತ್ರವೇ ಯೋಗ್ಯ. ಎಲ್‌ಪಿಗಳೂ ಇದ್ದಲ್ಲಿ ತೋಳಿನ ಭಾರವನ್ನು ಹೊಂದಿಸುವಂತಿರಬೇಕು.

ಇಂತಹ ಹಲವು ಯಂತ್ರಗಳು ಎಂಪಿ3ಯಲ್ಲಷ್ಟೇ ದಾಖಲಿಸುತ್ತವೆ. ಆಲಿಸಲು ಅದು ಸಾಕು. ಸಂಗ್ರಹಕ್ಕೆ ಕಂಪ್ಯೂಟರಿನ ಮೂಲಕ 24 ಬಿಟ್‌ನ ವೇವ್ ಕಡತವೇ ಬೇಕು. ತಟ್ಟೆ ಒಡೆದ ಮೇಲೆ ಉಳಿಯುವುದು ಆ ಪ್ರತಿ ಮಾತ್ರ.