ಬೆಂಗಳೂರಿಗೂ ಬೆಟ್ಟಕ್ಕೂ ಬ್ಯಾಟರಿ ಕಾರು



ಕೊಳತ್ತೂರು ಕಡೆಯ ನಮ್ಮ ಕನ್ನಡದ ಮನೆಗಳವರಿಗೆ ದೂರದ ದಾರಿ ಎಂದರೆ ಮುಖ್ಯವಾಗಿ ಎರಡು. ಒಂದು, ಮೇಚೇರಿ, ತೊಪ್ಪೂರು, ಧರ್ಮಪುರಿ, ಕೃಷ್ಣಗಿರಿ, ಹೊಸೂರು ಹಾದು ಬೆಂಗಳೂರಿಗೆ. ಮಕ್ಕಳು ದುಡಿಯುವುದು ಅಲ್ಲಿ. ಇನ್ನೊಂದು, ಪಾಲಾರು ದಾಟಿ ಮಾದಪ್ಪನ ಬೆಟ್ಟ ಹತ್ತಿ, ಹನೂರು, ಕೊಳ್ಳೇಗಾಲದ ಮೇಲೆ ಮೈಸೂರಿಗೆ, ನೆಂಟರಿರುವುದು ಅಲ್ಲಿ. ಎರಡೂ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರು. ಕಾರು ಕೊಳ್ಳುವ ಮಾತು ಬಂದಾಗ ಈಗ ಹುಡುಗರು ಕೇಳುವ ಪ್ರಶ್ನೆ, ಪೆಟ್ರೋಲಿನದೋ ಕರೆಂಟಿನದೋ ಎಂದು. ಐದು ವರ್ಷ, ಏಳು ವರ್ಷ ಕಂತು ಕಟ್ಟಬೇಕಾದ ವಸ್ತು ಇದು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು, ಮೆಕ್ಯಾನಿಕ್ ಅಲ್ಲ. ಆದ್ದರಿಂದ ಲೆಕ್ಕದ ದಾರಿಯಲ್ಲೇ ಹೇಳುತ್ತೇನೆ.

ಇದು ನಮಗೆ ತೀರ ಹೊಸ ವಸ್ತುವಲ್ಲ. ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲೇ ಮಾರಾಟಕ್ಕೆ ಬಂದಿತ್ತು. ಅದಕ್ಕೆ ಸೀಸದ ಬ್ಯಾಟರಿ. ಎಂಟು ಗಂಟೆ ಚಾರ್ಜು ಮಾಡಿದರೆ 80 ಕಿಲೋಮೀಟರು. ಪೇಟೆ ಸುತ್ತಲು ಸಾಕು, ಊರಿಗೆ ಬರಲು ಸಾಲದು. ಲಿಥಿಯಂ ಬ್ಯಾಟರಿ ಬಂದ ಮೇಲೆ ಮಾತೇ ಬದಲಾಯಿತು. 2020ರ ಟಾಟಾ ನೆಕ್ಸಾನ್ ಕಾರಿನ ಬ್ಯಾಟರಿ 30 ಯೂನಿಟ್ ಕರೆಂಟು ಹಿಡಿಯುತ್ತಿತ್ತು. ಕಾಗದದ ಮೇಲೆ 312 ಕಿಲೋಮೀಟರು. 2024ರ ಕೊನೆಗೆ ಮಹೀಂದ್ರಾದವರು ತೋರಿಸಿದ ಕಾರುಗಳ ದೊಡ್ಡ ಬ್ಯಾಟರಿ 79 ಯೂನಿಟ್ಟಿನದು. ಕಾಗದದ ಮೇಲೆ 650ಕ್ಕೂ ಹೆಚ್ಚು.

ಕಾಗದದ ಮೇಲೆ ಎಂದು ಎರಡು ಸಲ ಹೇಳಿದ್ದು ಬೇಕೆಂದೇ. ಆ ಅಂಕಿ ಬರುವುದು ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಕಾರನ್ನು ಓಡಿಸಿ. ಅಲ್ಲಿ ಎದುರುಗಾಳಿಯಿಲ್ಲ, ತೊಪ್ಪೂರು ಘಾಟಿಯಿಲ್ಲ, ಹಿಂದಿನ ಸೀಟಿನಲ್ಲಿ ಅತ್ತಿಗೆಯೂ ಅಕ್ಕಿ ಮೂಟೆಯೂ ಇಲ್ಲ. ಹೆದ್ದಾರಿಯಲ್ಲಿ ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಎಂದು ಹಿಡಿಯುವುದು ಕ್ಷೇಮ. ಹಾಗೆ ಎಣಿಸಿದರೆ 30 ಯೂನಿಟ್ಟಿನ ಕಾರು ಓಡುವುದು ಇನ್ನೂರರ ಆಸುಪಾಸು. ವೇಗವೂ ತಿನ್ನುತ್ತದೆ: 80ರಲ್ಲಿ ಹೋಗುವವನು 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ.

ಇನ್ನು ಏರು. ಮೆಟ್ಟೂರು ಅಣೆ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 790 ಅಡಿ ಮೇಲೆ. ಬೆಂಗಳೂರು ಇರುವುದು ಸುಮಾರು 3,000 ಅಡಿಯಲ್ಲಿ. ಅಂದರೆ ಬೆಂಗಳೂರಿಗೆ ಹೋಗುವುದೂ ಒಂದು ಬೆಟ್ಟ ಹತ್ತಿದಂತೆಯೇ, ನಿಧಾನವಾಗಿ ಹತ್ತುವುದರಿಂದ ನಮಗೆ ತಿಳಿಯುವುದಿಲ್ಲ ಅಷ್ಟೆ. ಒಂದು ಟನ್ ಭಾರವನ್ನು ಒಂದು ಯೂನಿಟ್ ಕರೆಂಟು ಸುಮಾರು 1,200 ಅಡಿ ಎತ್ತಬಲ್ಲದು. ಇದು ಭೌತಶಾಸ್ತ್ರದ ಲೆಕ್ಕ. ಜನ ತುಂಬಿದ ಕಾರು 1.8 ಟನ್ ತೂಗಿದರೆ, ಎರಡು ಸಾವಿರ ಅಡಿಗೆ ಮೂರು ಯೂನಿಟ್. ಯಂತ್ರದ ನಷ್ಟ ಸೇರಿ ಮೂರೂವರೆ. ಅಂದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ಓಟ ಕೈಬಿಟ್ಟಂತೆ. ಜನ ಹೆದರುವಷ್ಟು ದೊಡ್ಡದಲ್ಲ, ಮರೆಯುವಷ್ಟು ಚಿಕ್ಕದೂ ಅಲ್ಲ.

ಬೆಂಗಳೂರು ದಾರಿಯಲ್ಲಿ ಇದರಿಂದ ತೊಂದರೆಯಿಲ್ಲ. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಸುತ್ತಮುತ್ತ ಹೋಟೆಲುಗಳ ಅಂಗಳದಲ್ಲಿ ಶೀಘ್ರ ಚಾರ್ಜರುಗಳಿವೆ. ಚಿಕ್ಕ ಬ್ಯಾಟರಿಯವರು ಒಂದು ಸಲ ನಿಲ್ಲಬೇಕು. ಹತ್ತರಿಂದ ಎಂಬತ್ತು ಪರ್ಸೆಂಟಿಗೆ ಸುಮಾರು ಒಂದು ಗಂಟೆ. ತಿಂಡಿ ತಿಂದು, ಮಕ್ಕಳನ್ನು ಸುಧಾರಿಸಿ ಹೊರಡುವಷ್ಟು ಹೊತ್ತು. ಎಂಬತ್ತರ ಮೇಲೆ ಚಾರ್ಜು ನಿಧಾನವಾಗುತ್ತದೆ, ಅಲ್ಲಿ ಕಾಯುವುದು ದಂಡ. ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ನಿಲ್ದಾಣ ಇರಬೇಕೆಂದಿತು. ಆದರೆ ನಿಲ್ದಾಣ ಇರುವುದು ಬೇರೆ, ಕೆಲಸ ಮಾಡುವುದು ಬೇರೆ. ನನ್ನ ತಂಗಿಯ ಮಗ ಒಂದು ಕಡೆ ನಿಲ್ಲಿಸಿದಾಗ ಯಂತ್ರ ಸತ್ತಿತ್ತು. ಮುಂದಿನ ಕಡೆ ಎರಡು ಕಾರು ಸರದಿಯಲ್ಲಿದ್ದವು. ಎರಡು ಗಂಟೆ ತಡವಾಗಿ, ಮದುವೆಗೆ ಹೋದವನು ಊಟಕ್ಕೆ ಮಾತ್ರ ಸಿಕ್ಕಿದ. ಆದ್ದರಿಂದ ಇಪ್ಪತ್ತು ಪರ್ಸೆಂಟನ್ನು ಮಿನಿಮಮ್ ಬ್ಯಾಲೆನ್ಸ್ ಎಂದೇ ತಿಳಿಯಿರಿ, ಮುಟ್ಟಬೇಡಿ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಇನ್ನೂರು ಕಿಲೋಮೀಟರಿಗೆ 31 ಯೂನಿಟ್. ದಾರಿಯ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ಎಂದಿಟ್ಟರೂ 620. ಲೀಟರಿಗೆ 15 ಓಡುವ ಪೆಟ್ರೋಲ್ ಕಾರಿಗೆ 1,300ರ ಮೇಲೆ. ಮನೆಯ ಕರೆಂಟಿನಲ್ಲಿ ತುಂಬಿಸಿಕೊಂಡರೆ ಇನ್ನೂ ಅಗ್ಗ. ಈ ಕರೆಂಟು ಬರುವುದೂ ಕಲ್ಲಿದ್ದಲು ಸುಟ್ಟಲ್ಲವೇ ಎಂದು, ಮೆಟ್ಟೂರು ಶಾಖೋತ್ಪನ್ನ ಕೇಂದ್ರದ ಚಿಮಣಿ ಕಾಣುವ ನಾವು ಕೇಳುವುದು ನ್ಯಾಯವೇ. ಹೌದು, ಬಹುಪಾಲು ಹಾಗೆಯೇ. ಆದರೂ ಕಿಲೋಮೀಟರಿಗೆ ಹೊರಬೀಳುವ ಇಂಗಾಲದ ಅನಿಲ ಪೆಟ್ರೋಲಿಗಿಂತ ಕಡಿಮೆಯೇ.

ಬೆಟ್ಟದ ದಾರಿಯ ಮಾತು ಬೇರೆ. ಅದು ಕಾಡು, ಘಾಟಿ; ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಚಾರ್ಜರ್ ಹುಡುಕುವುದೋ ಮೊಬೈಲಿನಲ್ಲಿ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಯಲ್ಲಿ ಜನವೋ ಜನ. ಅಲ್ಲಿ ಚಾರ್ಜು ಸಿಗುತ್ತದೆಂದು ನಂಬಿ ಹೊರಡಬಾರದು. ದರ್ಶನ ಮಾಡಿ ಹಿಂದಿರುಗುವವರಿಗೆ ಚಿಂತೆಯಿಲ್ಲ. ಮನೆಯಲ್ಲಿ ತುಂಬಿಸಿಕೊಂಡು ಹೊರಟರೆ ಹೋಗಿಬರುವುದು ನೂರು ಕಿಲೋಮೀಟರು ಆಸುಪಾಸು, ಚಿಕ್ಕ ಬ್ಯಾಟರಿಗೂ ಸಾಕು. ಒಂದೇ ಓಟಕ್ಕೆ ಮೈಸೂರು ಮುಟ್ಟಬೇಕೆನ್ನುವವರು 45 ಯೂನಿಟ್ಟಿಗೆ ಕಡಿಮೆಯ ಬ್ಯಾಟರಿ ಕೊಳ್ಳಬೇಡಿ ಎಂದು ನನ್ನ ಸಲಹೆ. ನೆಂಟರ ಮನೆಯಲ್ಲಿ ಫ್ರಿಜ್ಜಿಗೆ, ಗೀಸರಿಗೆ ಇರುವಂಥ ದೊಡ್ಡ ಮೂರು ಪಿನ್ನಿನ ಸಾಕೆಟ್ ಬೇಕು. ಗಂಟೆಗೆ ಮೂರು ಯೂನಿಟ್, ರಾತ್ರಿಯಿಡೀ ಹಾಕಿದರೆ ಮೂವತ್ತು. ಅರ್ತಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಹಳೆಯ ವೈರು ಹತ್ತು ಗಂಟೆ ಕಾದರೆ ಕರಗಲೂಬಹುದು. ಮೊದಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಲು ಅವರಿಗೆ ಹೇಳಿ, ಸಂಕೋಚ ಬೇಡ.

ಇಳಿಯುವಾಗ ಒಂದು ಲಾಭ ಉಂಟು. ಘಾಟಿಯಲ್ಲಿ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ, ಏರುವಾಗ ಖರ್ಚಾದದ್ದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ, ಬ್ರೇಕೂ ಕಾಯುವುದಿಲ್ಲ. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿರುವುದಿಲ್ಲ, ಮೋಟಾರಿನ ಹಿಡಿತ ಸಡಿಲವಾಗಿ ಪೂರ್ತಿ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಬೆಟ್ಟದ ಮೇಲೆ ಎಲ್ಲಾದರೂ ಚಾರ್ಜು ಸಿಕ್ಕಿದರೂ ಅಲ್ಲಿ ನೂರಕ್ಕೆ ನೂರು ತುಂಬಿಸಬೇಡಿ. ತೊಂಬತ್ತಕ್ಕೆ ನಿಲ್ಲಿಸಿ ಇಳಿಯಿರಿ.