ಹಲಗೆ ಬಾಗಿದ ಲೆಕ್ಕ

ಗೋಡೆಯ ಗೂಡಿನಲ್ಲಿ ಪುಸ್ತಕಗಳಿಗೆಂದು 2 ಮೀಟರ್ ಉದ್ದದ ಹಲಗೆಯನ್ನು ಕೂರಿಸುವಾಗ, ನಡುವೆ ಒಂದು ಆಸರೆ ಬೇಕೆಂದು ಬಡಗಿಯವರು ಹೇಳಿದ್ದರು. ಭೌತವಿಜ್ಞಾನವನ್ನು ಬೋಧಿಸುವ ನಾವು, ಅಂದ ಕೆಡುವುದೆಂದು ಬೇಡವೆಂದೆವು! ವರ್ಷ ತುಂಬುವಷ್ಟರಲ್ಲಿ ಪುಸ್ತಕಗಳೆಲ್ಲ ನಡುವಿನತ್ತ ವಾಲಿದ್ದುವು.

1 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ತೇಗದ ಹಲಗೆಯೊಂದರ ಎರಡು ತುದಿಗಳನ್ನೂ ಗೋಡೆಗೆ ಹೊಡೆದ ಪಟ್ಟಿಗಳ ಮೇಲಿರಿಸಿ, 30 ಕಿಲೋಗ್ರಾಂ ಪುಸ್ತಕಗಳನ್ನು ಸಮನಾಗಿ ಜೋಡಿಸೋಣ. ನಡುಭಾಗವು ಸುಮಾರು 2 ಮಿಲಿಮೀಟರ್ ಬಾಗುತ್ತದೆ. ಕಣ್ಣಿಗೆ ಬೀಳುವುದು ಕಷ್ಟ. ಉದ್ದವನ್ನು ಇಮ್ಮಡಿಸಿ ಹಾಗೆಯೇ ತುಂಬಿದರೆ ಬಾಗು ಇಮ್ಮಡಿಯಲ್ಲ, 16 ಮಡಿ! ಅದು ಉದ್ದದ ನಾಲ್ಕನೆಯ ಘಾತವನ್ನು ಅನುಸರಿಸುವುದೇ ಇದಕ್ಕೆ ಕಾರಣ. ದಪ್ಪವನ್ನು ಇಮ್ಮಡಿಸಿದರೆ ಬಾಗು ಎಂಟರಲ್ಲೊಂದು ಪಾಲಿಗೆ ಇಳಿಯುವುದು ನಿಜ. ಆದರೂ ಸುಮಾರು 4 ಮಿಲಿಮೀಟರ್ ಉಳಿಯಿತಲ್ಲ, ಮರವೂ ಇಮ್ಮಡಿ ಬೇಕಾಯಿತು. ಅದರ ಬದಲು ಹಳೆಯ ಹಲಗೆಗೇ ನಡುವೆ ಆಸರೆಯನ್ನಿತ್ತರೆ ಹದಿನಾರರಲ್ಲೊಂದು ಪಾಲಿಗಿಂತಲೂ ಕಡಿಮೆ. ಹಲಗೆಯನ್ನು ಮಾತ್ರ ಅಲ್ಲಿ ತುಂಡರಿಸಬಾರದು. ಇಡಿಯಾಗಿದ್ದರೆ ಒಂದು ಭಾಗವು ಬಾಗುವುದನ್ನು ಇನ್ನೊಂದು ತಡೆಯುತ್ತದೆ.

ಇನ್ನೊಂದು ಮಾತು. ಹೊರೆ ಹೆಚ್ಚದಿದ್ದರೂ ಮರವು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಾಗುತ್ತಲೇ ಹೋಗುತ್ತದೆ. ಮೊದಲ ದಿನದ ಅಳತೆಯನ್ನು ನಂಬಿ ನಾವು ಕೆಟ್ಟೆವು.

ಕೊನೆಗೆ ಹಲಗೆಯನ್ನು ಮಗುಚಿ ಹಾಕಿಸಿ, ನಡುವೆ ಆಸರೆಯನ್ನಿಡಿಸಿದೆವು. ಬಡಗಿಯವರು ನಕ್ಕರೇ ಹೊರತು ಏನೂ ಹೇಳಲಿಲ್ಲ.