ಖಾಲಿ ತೋಟೆ ತುಂಬಿಸುವ ಮುನ್ನ
(ಹೊಸದಾಗಿ ಕೋವಿ ಪಡೆದ ಬೆಳೆಗಾರರ ಗಮನಕ್ಕೆ)



ತೋಟಕ್ಕೆ ಹಂದಿ ನುಗ್ಗುವ ಕಾಲ ಬಂತೆಂದರೆ ಕೋವಿಯ ವಿಚಾರವೂ ಬಂದೇ ಬರುತ್ತದೆ. ಕಾರ್ಕಳದ ಘಟ್ಟದಂಚಿನಲ್ಲಿ ಹಂದಿ ಮತ್ತು ಕಾಟಿ, ಕಾಪು ಕಡೆ ಮಂಗ ಮತ್ತು ನವಿಲು. ಈಚೆಗೆ ಸದಸ್ಯರೊಬ್ಬರು ಬಿಸ್ಕತ್ತಿನ ಡಬ್ಬಿ ತುಂಬ ಖಾಲಿ ತೋಟೆಗಳನ್ನು ತಂದು ತೋರಿಸಿ, "ಅಮೇರಿಕದಲ್ಲಿರುವ ಅಳಿಯ ಇವನ್ನು ಮನೆಯಲ್ಲೇ ತುಂಬಿಸುವ ಯಂತ್ರ ತರುತ್ತೇನೆ ಅನ್ನುತ್ತಾನೆ. ಮೊದಲಿಗೆ ಯಾವುದು ತರಿಸಲಿ?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದೇ ಅಲ್ಲವೆಂದು ತೋರಿದ್ದರಿಂದ ಉತ್ತರವನ್ನು ಇಲ್ಲಿ ಬರೆಯಲಾಗಿದೆ.

ಆ ಯಂತ್ರ ಯಾವುದು?

ತೋಟೆ ಸಿಡಿದಾಗ ಉರಿದು ಹೋಗುವುದು ಮದ್ದು, ಹಾರಿ ಹೋಗುವುದು ಗುಂಡು, ಕೆಡುವುದು ಹಿಂಬದಿಯ ಕೇಪು. ಹಿತ್ತಾಳೆಯ ಕವಚ ಮಾತ್ರ ಉಳಿಯುತ್ತದೆ. ಅಮೇರಿಕದಲ್ಲಿ ಪಿಸ್ತೂಲು ಹಾರಿಸುವ ಹವ್ಯಾಸಿಗಳು ಈ ಕವಚವನ್ನು ಮತ್ತೆ ಅಳತೆಗೆ ಒತ್ತಿ, ಹೊಸ ಕೇಪು, ಮದ್ದು ಮತ್ತು ಗುಂಡು ಕೂರಿಸುತ್ತಾರೆ. ಅದಕ್ಕೆ ಒಂದು ಒತ್ತು ಯಂತ್ರ, ಆಯಾ ಗಾತ್ರದ ಅಚ್ಚುಗಳು, ಸೂಕ್ಷ್ಮ ತಕ್ಕಡಿ ಮತ್ತು ಅಳತೆಯ ಕ್ಯಾಲಿಪರ್ ಬೇಕು. ಹೊಸಬರು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಯಂತ್ರವನ್ನೇ ಕೊಳ್ಳಬೇಕೆಂಬುದು ಅಲ್ಲಿನ ಅನುಭವಿಗಳ ಸಲಹೆ. ಕಾರಣವಿದೆ. ಪಿಸ್ತೂಲಿನ ತೋಟೆಗೆ ಬೇಕಾದ ಮದ್ದು ಬಹಳ ಸ್ವಲ್ಪ. ಕವಚದಲ್ಲಿ ಜಾಗ ಉಳಿಯುವುದರಿಂದ ಕೈತಪ್ಪಿ ಎರಡು ಪಾಲು ಬಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಿಸ್ತೂಲು ಕೈಯಲ್ಲೇ ಸಿಡಿದಾಗ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ 1959ರ ಆಯುಧ ಕಾಯಿದೆ ಜಾರಿಯಲ್ಲಿದೆ. ಕೋವಿ ಇಟ್ಟುಕೊಳ್ಳುವ ಲೈಸೆನ್ಸು 3ನೇ ಕಲಮಿನದು, ತಯಾರಿಕೆಯ ಲೈಸೆನ್ಸು 5ನೇ ಕಲಮಿನದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಸಿಕ್ಕಿದಂತಲ್ಲ. ಅಷ್ಟೇ ಅಲ್ಲ, ಕಾಯಿದೆಯ ವ್ಯಾಖ್ಯೆಯ ಪ್ರಕಾರ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ 'ಮದ್ದುಗುಂಡು' ಎಂಬ ಮಾತಿನಲ್ಲೇ ಸೇರುತ್ತವೆ. ಆದುದರಿಂದ ಅಳಿಯಂದಿರು ಪೆಟ್ಟಿಗೆಯಲ್ಲಿ ಯಂತ್ರವನ್ನು ಇಟ್ಟು ತಂದರೂ ಪರವಾನಗಿಯಿಲ್ಲದೆ ಮದ್ದುಗುಂಡು ಆಮದು ಮಾಡಿದ ಲೆಕ್ಕಕ್ಕೆ ಬರಬಹುದು. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ನಾಲ್ಕು ತೋಟೆಯ ಹಣ ಉಳಿಸಲು ಹೋಗಿ ತೋಟವನ್ನೇ ಮಾರುವ ಪ್ರಸಂಗ ಬರಬಾರದು. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಹೇಳುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ನಮಗೆ ಅನ್ವಯಿಸತಕ್ಕದ್ದಲ್ಲ.

ತೋಟೆ ಕೋವಿ ಇದ್ದವರು

ಲೈಸೆನ್ಸಿನಲ್ಲಿ ನಮೂದಿಸಿದಷ್ಟು ತೋಟೆಯನ್ನು ಪರವಾನಗಿ ಪಡೆದ ಅಂಗಡಿಯಿಂದಲೇ ಕೊಂಡು ರಶೀದಿ ಇಟ್ಟುಕೊಳ್ಳಿರಿ. ನಳಿಗೆಯ ಮೇಲೆ ಕೊರೆದ ಅಳತೆಯನ್ನು ಓದಿ ತೋಟೆ ಆರಿಸತಕ್ಕದ್ದು. 65 ಮಿಲಿಮೀಟರಿನ ಕೋವಿಗೆ 70 ಮಿಲಿಮೀಟರಿನ ತೋಟೆ ಸಲ್ಲದು. 20 ಬೋರಿನ ತೋಟೆ ಅಪ್ಪಿತಪ್ಪಿ 12 ಬೋರಿಗೆ ಬಿದ್ದರೆ ಜಾರಿ ನಳಿಗೆಯೊಳಗೆ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಕಾಗದದ ತೋಟೆ ಊದಿಕೊಳ್ಳುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಅಂಥದನ್ನು ಹಾರಿಸುವುದು ಬೇಡ, ಬಿಚ್ಚಿ ಮದ್ದು ತೆಗೆಯುವುದಂತೂ ಬೇಡವೇ ಬೇಡ. ಮಾರಿದ ಅಂಗಡಿಯವರಲ್ಲಿ ಅಥವಾ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಬೇಕು.

ಕೇಪಿನ ಕೋವಿ ಇದ್ದವರು

ಬೆಳೆ ರಕ್ಷಣೆಗೆಂದು ಕಾಯಿದೆಯೇ ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಈ ಕೋವಿಯನ್ನು. ನಾವು ನ್ಯಾಯವಾಗಿ ಕೈಯಾರೆ ತುಂಬುವ ಈಡು ಇದೊಂದೇ. ಹೊಸಬರು ಕೊಳ್ಳಬೇಕಾದ ಸಾಮಾನು ಹೆಚ್ಚೇನೂ ಇಲ್ಲ.

1. ಅಳತೆಯ ಪಾತ್ರೆ. ಹಿತ್ತಾಳೆಯದಿರಲಿ. ಎಷ್ಟು ಮದ್ದು ಎಂಬುದನ್ನು ಆ ಕೋವಿ ತಯಾರಿಸಿದವರಿಂದ ಅಥವಾ ಪರವಾನಗಿ ಪಡೆದ ಕೋವಿ ರಿಪೇರಿಯವರಿಂದ ತಿಳಿದುಕೊಂಡು ಅದಕ್ಕೇ ನಿಲ್ಲಿಸಿರಿ. ಅಂಗೈ ಅಂದಾಜು ಕೂಡದು. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ.

2. ಗುರುತು ಹಾಕಿದ ಗಜ. ಕೋವಿ ಖಾಲಿ ಇರುವಾಗ ಗಜವನ್ನು ತಳಮುಟ್ಟ ಇಳಿಸಿ ನಳಿಗೆಯ ಬಾಯಿಗೆ ಸರಿಯಾಗಿ ಒಂದು ಗೆರೆ, ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ ಹಾಕಿರಿ. ಮರೆತು ಎರಡು ಈಡು ತುಂಬುವ ಅಪಾಯ ಇದರಿಂದ ತಪ್ಪುತ್ತದೆ. ಗುಂಡು ಮದ್ದಿಗೆ ತಗಲಿ ಕೂತಿದೆಯೇ ಎಂಬುದೂ ತಿಳಿಯುತ್ತದೆ. ನಡುವೆ ಜಾಗ ಉಳಿದರೆ ನಳಿಗೆ ಬಿರಿಯಬಹುದು.

3. ಕೇಪಿಗೆ ಬೇರೆ ಡಬ್ಬಿ. ಕೇಪನ್ನೂ ಮದ್ದನ್ನೂ ಒಟ್ಟಿಗೆ ಇಡಬಾರದು. ಅಡಿಕೆ ಬೇಯಿಸುವ ಒಲೆ, ಹಂಡೆಯ ಬೆಂಕಿ ಮತ್ತು ಬೀಡಿಯಿಂದ ಎರಡೂ ದೂರವಿರಲಿ. ಕೇಪು ಕೂರಿಸುವುದು ಕಟ್ಟಕಡೆಯ ಕೆಲಸ.

4. ತೊಳೆಯುವ ಸಾಮಾನು. ಕಪ್ಪು ಮದ್ದಿನ ಕರಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಎಣ್ಣೆ ಸವರಿದರಷ್ಟೇ ಸಾಲದು. ಕೋವಿ ಖಾಲಿ ಎಂಬುದನ್ನು ಗಜ ಇಳಿಸಿ ಖಚಿತಪಡಿಸಿಕೊಂಡು ಅದೇ ದಿನ ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬಳಿಕ ಎಣ್ಣೆ ಹಾಕತಕ್ಕದ್ದು.

ತೋಟೆ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಎಂದೆಂದಿಗೂ ತುಂಬಬೇಡಿರಿ. ಅದರ ಒತ್ತಡ ಬೇರೆಯೇ, ಹಳೆಯ ನಳಿಗೆ ತಾಳದು. ತುಂಬುವಾಗ ಮುಖವನ್ನು ಬಾಯಿಯ ಮೇಲೆ ಬಗ್ಗಿಸಬಾರದು. ಕೇಪು ಸಿಡಿದೂ ಈಡು ಹಾರದಿದ್ದರೆ ಕೋವಿಯನ್ನು ಬಯಲಿಗೆ ತೋರಿಸಿ ಒಂದು ನಿಮಿಷವಾದರೂ ಹಾಗೆಯೇ ಹಿಡಿದಿರಿ. ಒಡನೆ ತಿರುಗಿಸಿ ನೋಡುವುದು ಬಲು ಅಪಾಯ.

ಇನ್ನೂ ಕೆಲವು ಮಾತು

ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಹಂದಿ, ಮಂಗ, ನವಿಲು ಮತ್ತು ಕಾಟಿ ಎಲ್ಲವೂ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. ಹಾನಿಯಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದು ಮೊದಲ ದಾರಿ. ಹಾದಿಗೆ ಕೋವಿ ಕಟ್ಟಿ ಇಡುವುದು, ಹಣ್ಣಿನಲ್ಲಿ ಸಿಡಿಮದ್ದು ಇಡುವುದು ಅಪರಾಧ ಮಾತ್ರವಲ್ಲ, ಅವಕ್ಕೆ ಹಂದಿ ಯಾವುದು, ಹುಲ್ಲಿಗೆ ಬಂದ ಹೆಂಗಸು ಯಾರು ಎಂದು ತಿಳಿಯದು. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತ ಗಬ್ಬದ ಆನೆಯನ್ನು ಯಾರೂ ಮರೆತಿರಲಾರರು.

ಈಗ ಲೈಸೆನ್ಸಿನ ಅವಧಿ 5 ವರ್ಷ. ಒಬ್ಬರಿಗೆ ಎರಡೇ ಕೋವಿ. ಅವಧಿ ಮುಗಿಯುವ ಎರಡು ಮೂರು ತಿಂಗಳು ಮೊದಲೇ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ನವೀಕರಣದ ವಿಷಯ ವಿಚಾರಿಸಿರಿ. ಚುನಾವಣೆಯ ಕಾಲದಲ್ಲಿ ಠೇವಣಿಯಿಂದ ವಿನಾಯಿತಿ ಬೇಕಾದವರು ಬೆಳೆ ಹಾನಿಯ ದಾಖಲೆಯೊಂದಿಗೆ ಸಕಾಲದಲ್ಲಿ ಅರ್ಜಿ ಸಲ್ಲಿಸಬೇಕು. ಠೇವಣಿ ಇಟ್ಟವರು ರಶೀದಿಯನ್ನು ಜೋಪಾನ ಮಾಡತಕ್ಕದ್ದು.

ಹೊಸಬರು ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ಸಲಕರಣೆ ಯಾವುದೆಂದರೆ ಬೀಗವಿರುವ ಉಕ್ಕಿನ ಕಪಾಟು. ಕೋವಿಗೆ ಒಂದು ಬೀಗ, ಮದ್ದುಗುಂಡಿಗೆ ಬೇರೆಡೆ ಇನ್ನೊಂದು, ಎರಡರ ಕೀಲಿಯೂ ಲೈಸೆನ್ಸುದಾರನ ಸೊಂಟದಲ್ಲಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನಾಳೆಗೆ ಎಂದು ಮುಂದೂಡಬಾರದು. ಅಂದಹಾಗೆ ಬಿಸ್ಕತ್ತಿನ ಡಬ್ಬಿ ತಂದ ಸದಸ್ಯರು ಅಳಿಯನಿಗೆ ಯಂತ್ರ ಬೇಡವೆಂದು ಹೇಳಿ, ಕಪಾಟಿಗೆ ಮುಂಗಡ ಕೊಟ್ಟು ಬಂದಿದ್ದಾರೆ. ಉಳಿದ ಸದಸ್ಯರೂ ಹಾಗೆಯೇ ಮಾಡಬೇಕಾಗಿ ವಿನಂತಿ.